ಹಳೆಯ ಬೋಟಿನ ಸ್ಟರ್ನ್‌ಡ್ರೈವ್: ಬದಲಿಸುವ ಮೊದಲು, ಬದಲಿಸಿದ ಮೇಲೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಡೆಟ್ರಾಯ್ಟ್ ಸುತ್ತಮುತ್ತ ಇರುವ ನಮ್ಮ ಕನ್ನಡದ ಗೆಳೆಯರಲ್ಲಿ ಐದಾರು ಮಂದಿ ಹಳೆಯ ಬೋಟ್ ಕೊಂಡಿದ್ದಾರೆ. ಮೇ ತಿಂಗಳು ಬಂತೆಂದರೆ ಲೇಕ್ ಸೇಂಟ್ ಕ್ಲೇರ್ ಕಡೆಗೆ ಓಟ. ಜುಲೈ ಹೊತ್ತಿಗೆ ನನಗೆ ಫೋನ್. ನಾನೇನೂ ಮೆಕ್ಯಾನಿಕ್ ಅಲ್ಲ. ನನ್ನ 1996ರ 19 ಅಡಿ ಬೋಟಿನಲ್ಲಿ ಎರಡು ಡ್ರೈವ್ ಕೆಡಿಸಿಕೊಂಡು ಕಲಿತವನು, ಅಷ್ಟೆ. ಅದರಲ್ಲಿರುವುದು 4.3 ಲೀಟರಿನ ವಿ6 ಎಂಜಿನ್, ಮರ್ಕ್ರೂಸರ್ ಆಲ್ಫಾ ಒನ್ ಜೆನ್ 2 ಡ್ರೈವ್. ಹಾಗಾಗಿ ಇಲ್ಲಿನ ಉತ್ತರಗಳೂ ಹೆಚ್ಚಾಗಿ ಆಲ್ಫಾ ಬಗ್ಗೆಯೇ ಇವೆ. ಬೇರೆ ಡ್ರೈವ್ ಇದ್ದವರು ತಮ್ಮ ಸೀರಿಯಲ್ ನಂಬರಿಗೆ ಸರಿಯಾದ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿ ಇಟ್ಟುಕೊಂಡು ಓದಿ.

ಸ್ಟರ್ನ್‌ಡ್ರೈವ್ ಅಂದರೆ ಏನು? ಔಟ್‌ಬೋರ್ಡ್ ಅಲ್ವಾ?

ಅಲ್ಲ. ಮಲ್ಪೆ, ಮಂಗಳೂರಿನ ನಾಡದೋಣಿಗಳ ಹಿಂದೆ ನೇತಾಡುವುದು ಔಟ್‌ಬೋರ್ಡ್. ಅದರಲ್ಲಿ ಎಂಜಿನ್, ಗೇರು, ಪ್ರೊಪೆಲ್ಲರ್ ಎಲ್ಲಾ ಒಂದೇ ತುಂಡು. ಸ್ಟರ್ನ್‌ಡ್ರೈವ್ ಬೋಟಿನಲ್ಲಿ ಎಂಜಿನ್ ಒಳಗೆ ಕೂತಿರುತ್ತದೆ, ಹೆಚ್ಚುಕಮ್ಮಿ ಕಾರಿನದೇ ಎಂಜಿನ್. ಬೋಟಿನ ಹಿಂಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಆ ಗೋಡೆಯಲ್ಲಿ ದೊಡ್ಡ ತೂತು ಮಾಡಿ, ಹೊರಗಡೆ ಒಂದು ಕಾಲು ಜೋಡಿಸಿರುತ್ತಾರೆ. ಎಂಜಿನ್ನಿನ ತಿರುಗು ಬಲ ಆ ಕಾಲಿನೊಳಗೆ ಕೆಳಕ್ಕೆ ಇಳಿದು, ಮತ್ತೆ ಅಡ್ಡಕ್ಕೆ ತಿರುಗಿ ಪ್ರೊಪೆಲ್ಲರಿಗೆ ಹೋಗುತ್ತದೆ. ಕಾಲು ಎಡಕ್ಕೆ ಬಲಕ್ಕೆ ತಿರುಗಿದರೆ ಸ್ಟೀರಿಂಗ್, ಮೇಲೆ ಕೆಳಗೆ ಆದರೆ ಟ್ರಿಮ್.

ವೋಲ್ವೋ ಪೆಂಟಾ ಕಂಪನಿ 1959ರಲ್ಲಿ ನ್ಯೂಯಾರ್ಕ್ ಬೋಟ್ ಶೋನಲ್ಲಿ ಅಕ್ವಾಮ್ಯಾಟಿಕ್ ಹೆಸರಿನಲ್ಲಿ ಇದನ್ನು ತೋರಿಸಿತು. 1961ರಲ್ಲಿ ಮರ್ಕ್ರೂಸರ್ ಬಂತು. ಮೂರನೆಯದು ಓಎಂಸಿ, ಅಂದರೆ ಔಟ್‌ಬೋರ್ಡ್ ಮರೀನ್ ಕಾರ್ಪೊರೇಶನ್ ಕಂಪನಿಯದು. ಆ ಕಂಪನಿ 2000ದ ಡಿಸೆಂಬರ್‌ನಲ್ಲಿ ದಿವಾಳಿ ಆಯಿತು. ಹಳೆಯ ಬೋಟ್ ಕೊಳ್ಳುವವರಿಗೆ ಈ ಮೂರನೆಯದು ಮುಖ್ಯ. ಓಎಂಸಿ ಡ್ರೈವ್ ಇರುವ ಬೋಟ್ ಸಸ್ತಾ ಸಿಗುತ್ತದೆ, ಬಿಡಿಭಾಗ ಹುಡುಕುವುದರಲ್ಲಿ ಬೇಸಿಗೆ ಮುಗಿಯುತ್ತದೆ.

ಡ್ರೈವ್ ಹೋಗಿದೆ, ಹೊಸದು ಹಾಕಬೇಕು ಅಂತಿದ್ದಾರೆ. ನಂಬಬಹುದಾ?

ತಕ್ಷಣ ನಂಬಬೇಡಿ. "ಡ್ರೈವ್ ಹೋಗಿದೆ" ಎನ್ನುವುದು "ಹೊಟ್ಟೆ ನೋವು" ಎಂದ ಹಾಗೆ. ಯಾವ ಭಾಗ ಅಂತ ಕೇಳಿ.

ನಿಧಾನಕ್ಕೆ ಹೋಗುವಾಗ ಸರಿ ಇದ್ದು, ಥ್ರಾಟಲ್ ಜಾಸ್ತಿ ಕೊಟ್ಟ ಕೂಡಲೇ ಎಂಜಿನ್ ಸುಮ್ನೆ ಕಿರುಚಿ, ಬೋಟ್ ಮುಂದೆ ಹೋಗದಿದ್ದರೆ ಮೊದಲು ಪ್ರೊಪೆಲ್ಲರ್ ನೋಡಿ. ಅದರ ನಡುವೆ ರಬ್ಬರಿನ ಹಬ್ ಇರುತ್ತದೆ. ಹಬ್ಬಿನ ಒಳಗಿನ ಲೋಹದಿಂದ ಹೊರಗಿನ ಲೋಹದವರೆಗೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೆರೆ ಒಡೆದಿದ್ದರೆ ಹಬ್ ಜಾರುತ್ತಿದೆ. ಡ್ರೈವಿಗೆ ಏನೂ ಆಗಿಲ್ಲ.

ಗೇರಿಗೆ ಹಾಕಿದರೂ ಪ್ರೊಪೆಲ್ಲರ್ ತಿರುಗುತ್ತಿಲ್ಲ, ಸುಟ್ಟ ರಬ್ಬರಿನ ವಾಸನೆ ಬರುತ್ತಿದೆ ಎಂದರೆ ಎಂಜಿನ್ನನ್ನು ಡ್ರೈವಿನ ಶಾಫ್ಟಿಗೆ ಜೋಡಿಸುವ ಎಂಜಿನ್ ಕಪ್ಲರ್ ಮೇಲೆ ಅನುಮಾನ. ಅದು ಎಂಜಿನ್ನಿನ ಹಿಂದೆ, ಬೋಟಿನ ಒಳಗಿದೆ. ಅದನ್ನು ಬದಲಿಸಲು ಎಂಜಿನ್ನನ್ನೇ ಸರಿಸಬೇಕು. ಇಲ್ಲಿ ಹೊಸ ಡ್ರೈವ್ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ, ಅಕ್ಷರಶಃ.

ಗೇರಿನಿಂದ ನ್ಯೂಟ್ರಲ್‌ಗೆ ತರುವಾಗ ಲಿವರ್ ಬಿಗಿ, ಎಂಜಿನ್ ಆಫ್ ಆಗುತ್ತದೆ ಎಂದರೆ ಹೆಚ್ಚಾಗಿ ಕೆಳಗಿನ ಶಿಫ್ಟ್ ಕೇಬಲ್ಲಿನ ಕಾಯಿಲೆ. ಸ್ಟೀರಿಂಗ್ ತಿರುಗಿಸಿದಾಗ ಗುರ್ ಎಂದು ಸದ್ದು ಬಂದು, ನೇರ ಮಾಡಿದಾಗ ಕಡಿಮೆಯಾದರೆ ಗಿಂಬಲ್ ಬೇರಿಂಗ್ (ಟ್ರಾನ್ಸಮ್ ಹತ್ತಿರ ಡ್ರೈವಿನ ಶಾಫ್ಟನ್ನು ಹಿಡಿದಿರುವ ಬೇರಿಂಗ್) ಅಥವಾ ಯೂನಿವರ್ಸಲ್ ಜಾಯಿಂಟ್. ನಮ್ಮೂರ ಲಾರಿ ಗ್ಯಾರೇಜಿನಲ್ಲಿ ಯುಜೆ ಕ್ರಾಸ್ ಎನ್ನುತ್ತಾರಲ್ಲ, ಅದೇ.

ಡ್ರೈವ್ ನಿಜವಾಗಿ ಕೆಟ್ಟಿದೆಯಾ ಎಂದು ಹೇಳುವುದು ಗೇರ್ ಆಯಿಲ್. ಕೆಳಗಿನ ಸ್ಕ್ರೂ ಬಿಚ್ಚಿ. ಮ್ಯಾಗ್ನೆಟ್ ತುದಿಯಲ್ಲಿ ಬೂದಿಯಂತೆ ನಯವಾದ ಪುಡಿ ಇದ್ದರೆ ಚಿಂತೆ ಬೇಡ. ಕೈಗೆ ಚುಚ್ಚುವ ಲೋಹದ ಚೂರು ಇದ್ದರೆ ಒಳಗೆ ಹಲ್ಲು ಮುರಿದಿದೆ ಅಥವಾ ಬೇರಿಂಗ್ ಪುಡಿಯಾಗಿದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಬೇಗ ಕಂಡರೆ ಸೀಲ್ ಬದಲಿಸಿ ಉಳಿಸಿಕೊಳ್ಳಬಹುದು. ಒಂದು ಚಳಿಗಾಲ ಹಾಗೇ ಬಿಟ್ಟರೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಮತ್ತೆ ಕಥೆ ಬೇರೆ.

ಎರಡು ಡ್ರೈವ್ ಕೆಡಿಸಿದ್ದು ಹೇಗೆ?

ಇದನ್ನು ಎಲ್ಲರೂ ನಗುತ್ತಾ ಕೇಳುತ್ತಾರೆ. ಮೊದಲನೆಯದು ಮೀನುಗಾರಿಕೆ ದಾರದಿಂದ ಹೋಯಿತು. ಸೇಂಟ್ ಕ್ಲೇರ್ ಆಳ ಕಡಿಮೆ ಇರುವ ಕೆರೆ. ಸರಾಸರಿ ಆಳ ಹನ್ನೊಂದು ಅಡಿ ಅಷ್ಟೆ. ಕಳೆ ಜಾಸ್ತಿ, ಗಾಳ ಹಾಕುವವರೂ ಜಾಸ್ತಿ. ಯಾರದೋ ನೈಲಾನ್ ದಾರ ಪ್ರೊಪೆಲ್ಲರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿತ್ತು. ನಾನು ಎರಡು ವರ್ಷ ಪ್ರೊಪೆಲ್ಲರ್ ಬಿಚ್ಚಿ ನೋಡಿರಲೇ ಇಲ್ಲ.

ಎರಡನೆಯದಕ್ಕೆ ಕಾರಣ ನನ್ನ ಅವಸರ. ಒಂದು ಅಂಗಡಿಯವರು ರಿಪೇರಿ ಮಾಡಿದ ಡ್ರೈವ್ ತಂದು ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿಸಿ ಕಳಿಸಿದರು. ಎಂಜಿನ್ ಅಲೈನ್‌ಮೆಂಟ್ ನೋಡಲಿಲ್ಲ. ಹಳೆಯ ಬೆಲ್ಲೋಸ್ ಹಾಗೇ ಬಿಟ್ಟರು. ನಾನೂ ಕೇಳಲಿಲ್ಲ, ವಾರಾಂತ್ಯಕ್ಕೆ ಬೋಟ್ ಬೇಕಿತ್ತು. ಅದೇ ಬೇಸಿಗೆಯಲ್ಲಿ ಬೆಲ್ಲೋಸ್ ಬಿರುಕು ಬಿಟ್ಟಿತು. ನೀರು ಹೊಕ್ಕು ಗಿಂಬಲ್ ಬೇರಿಂಗ್ ಹಿಡಿದುಕೊಂಡಿತು, ಯೂನಿವರ್ಸಲ್ ಜಾಯಿಂಟ್ ಮುರಿದು ಡ್ರೈವಿನ ಮೇಲ್ಭಾಗವನ್ನೂ ಹಾಳು ಮಾಡಿತು. ಮೊದಲನೆಯ ಡ್ರೈವ್ ಯಾಕೆ ಕೆಟ್ಟಿತು, ಅದರ ಸುತ್ತಮುತ್ತ ಇನ್ನೇನು ಹಳೆಯದಾಗಿದೆ ಅಂತ ಅರ್ಧ ದಿನ ನೋಡಿದ್ದರೆ ಎರಡನೆಯದು ಇಂದಿಗೂ ಇರುತ್ತಿತ್ತು.

ಅಷ್ಟು ಹೇಳುತ್ತೀರಲ್ಲ, ಬೆಲ್ಲೋಸ್ ಅಂದರೆ ಏನು?

ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ರಬ್ಬರ್ ಕೊಳವೆ. ಡ್ರೈವ್ ತಿರುಗಬೇಕು, ಬಾಗಬೇಕು, ಆದರೆ ನೀರು ಒಳಗೆ ಬರಬಾರದು. ಅದಕ್ಕೆ ಈ ವ್ಯವಸ್ಥೆ. ಆಲ್ಫಾದಲ್ಲಿ ಮೂರು ಇವೆ. ದೊಡ್ಡದು ಯೂನಿವರ್ಸಲ್ ಜಾಯಿಂಟಿಗೆ, ಸಣ್ಣದು ಶಿಫ್ಟ್ ಕೇಬಲ್ಲಿಗೆ, ಇನ್ನೊಂದು ಹೊಗೆಗೆ.

ಹೊಗೆಯದು ಹರಿದರೆ ಸದ್ದು ಜಾಸ್ತಿ, ಅಷ್ಟೆ. ಆದರೆ ಉಳಿದ ಎರಡು ಹರಿದರೆ ಕೆರೆ ನೀರು ನೇರ ಬೋಟಿನೊಳಗೆ ಬರುವ ದಾರಿ ತೆರೆಯುತ್ತದೆ. ಡಾಕಿನಲ್ಲಿ ಕಟ್ಟಿದ್ದ ಬೋಟ್ ಬೆಳಗಾಗುವಷ್ಟರಲ್ಲಿ ಮುಳುಗಿರುವುದಕ್ಕೆ ಈ ರಬ್ಬರೇ ಕಾರಣವಾಗುವುದು ಉಂಟು. ಬೋಟಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪ್ ಪದೇ ಪದೇ ಓಡುತ್ತಿದ್ದರೆ ಮೊದಲು ಇಲ್ಲಿ ನೋಡಿ.

ಪರೀಕ್ಷೆ ಸುಲಭ. ಬೋಟ್ ಟ್ರೇಲರ್ ಮೇಲಿರುವಾಗ ಡ್ರೈವ್ ಪೂರ್ತಿ ಮೇಲೆತ್ತಿ ಒಂದು ಪಕ್ಕಕ್ಕೆ ತಿರುಗಿಸಿ. ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಟಾರ್ಚ್ ಹಿಡಿದು ಮಡಿಕೆಯ ತಳದಲ್ಲಿ ಬಿರುಕು ಹುಡುಕಿ. ಮೇಲ್ಗಡೆ ಚೆನ್ನಾಗಿ ಕಂಡರೆ ಸಾಲದು, ಒಡೆಯುವುದು ತಳದಲ್ಲಿ. ಬಿರುಕು ಕಾಣದಿದ್ದರೂ ಐದು ವರ್ಷದ ಮೇಲೆ ನಾನು ಇಟ್ಟುಕೊಳ್ಳುವುದಿಲ್ಲ. ವೋಲ್ವೋದಲ್ಲಿ ಅದಕ್ಕಿಂತ ಬೇಗ ಬದಲಿಸಲು ಹೇಳುತ್ತಾರೆ. ಬದಲಿಸುವಾಗ ಮೂರನ್ನೂ ಒಟ್ಟಿಗೆ ಬದಲಿಸಿ. ಗಿಂಬಲ್ ಬೇರಿಂಗ್, ಕೆಳಗಿನ ಶಿಫ್ಟ್ ಕೇಬಲ್ ಕೂಡ ಆಗಲೇ ಮುಗಿಸಿ. ಹೇಗೂ ಡ್ರೈವ್ ಬಿಚ್ಚಿಯೇ ಇರುತ್ತೀರಿ, ಮತ್ತೊಮ್ಮೆ ಬಿಚ್ಚುವ ಕೂಲಿ ಯಾಕೆ?

ಬದಲಿ ಡ್ರೈವ್ ಆರಿಸುವಾಗ ಏನು ನೋಡಬೇಕು?

ಎರಡು ವಿಷಯ. ಯಾವ ಜಾತಿ, ಯಾವ ಗೇರ್ ಅನುಪಾತ.

ಆಲ್ಫಾ ಇದ್ದ ಕಡೆ ಮರ್ಕ್ರೂಸರಿನದೇ ಇನ್ನೊಂದು ಡ್ರೈವ್ ಆದ ಬ್ರಾವೋ ಸುಮ್ನೆ ಕೂರುವುದಿಲ್ಲ. ಆಲ್ಫಾದಲ್ಲೇ ಹಳೆಯ ತಲೆಮಾರು, 1991ರಿಂದ ಬಂದ ಜೆನ್ 2 ಎರಡೂ ಬೇರೆ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ನೇರವಾಗಿ ಬೋಲ್ಟ್ ಹಾಕಿ ಕೂರಿಸಲು ಆಗುವುದಿಲ್ಲ. ಮಾರುವವರು "ಆಲ್ಫಾನೇ ಸಾರ್" ಎಂದರೆ ಯಾವ ಆಲ್ಫಾ ಎಂದು ಕೇಳಿ.

ಅನುಪಾತದ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಹೊರಗಿನಿಂದ ಎಲ್ಲಾ ಜೆನ್ 2 ಡ್ರೈವ್ ಒಂದೇ ಥರ ಕಾಣುತ್ತವೆ. ಒಳಗೆ 1.47, 1.62, 1.81, 1.94 ಹೀಗೆ ಬೇರೆ ಬೇರೆ ಇರುತ್ತವೆ. 1.62 ಎಂದರೆ ಎಂಜಿನ್ 1.62 ಸುತ್ತು ಸುತ್ತಿದಾಗ ಪ್ರೊಪೆಲ್ಲರ್ ಒಂದು ಸುತ್ತು. ಸಣ್ಣ ಎಂಜಿನ್ನಿಗೆ ದೊಡ್ಡ ಸಂಖ್ಯೆ, ದೊಡ್ಡ ವಿ8 ಎಂಜಿನ್ನಿಗೆ ಸಣ್ಣ ಸಂಖ್ಯೆ. ವಿ8ರಿಂದ ಕಳಚಿದ ಡ್ರೈವನ್ನು ನಾಲ್ಕು ಸಿಲಿಂಡರಿನ ಬೋಟಿಗೆ ಹಾಕಿದರೆ, ಬಂಡಿಯನ್ನು ಟಾಪ್ ಗೇರಿನಲ್ಲಿ ಆಗುಂಬೆ ಘಾಟಿ ಹತ್ತಿಸಿದ ಹಾಗೆ ಆಗುತ್ತದೆ. ಎಂಜಿನ್ ಒದ್ದಾಡುತ್ತದೆ, ಬೋಟ್ ಏಳುವುದಿಲ್ಲ.

ಸ್ಟಿಕ್ಕರ್ ಅಳಿಸಿಹೋಗಿದ್ದರೆ ಕೈಯಲ್ಲೇ ಎಣಿಸಬಹುದು. ಬಿಚ್ಚಿಟ್ಟ ಡ್ರೈವನ್ನು ಫಾರ್ವರ್ಡ್ ಗೇರಿನಲ್ಲಿ ಇಟ್ಟು, ಪ್ರೊಪೆಲ್ಲರ್ ಶಾಫ್ಟ್ ಹತ್ತು ಸುತ್ತು ಬರುವವರೆಗೆ ಮೇಲಿನ ಶಾಫ್ಟ್ ತಿರುಗಿಸಿ. ಅದು ಹದಿನಾರು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿದರೆ 1.62, ಹದಿನೆಂಟು ಸುತ್ತಾದರೆ 1.81. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ, ದುಡ್ಡು ಕೊಡುವ ಮೊದಲು ಇದನ್ನು ಮಾಡಿ.

ಹೊಸದಾ, ರಿಪೇರಿ ಮಾಡಿದ್ದಾ, ಸೆಕೆಂಡ್ ಹ್ಯಾಂಡಾ?

ಜೇಬು ನೋಡಿಕೊಳ್ಳಿ. ಇಪ್ಪತ್ತೈದು ವರ್ಷದ ಬೋಟಿಗೆ ಕಂಪನಿಯ ಹೊಸ ಡ್ರೈವ್ ಹಾಕಿದರೆ ಬೋಟಿನ ಬೆಲೆಗಿಂತ ಡ್ರೈವಿನ ಬೆಲೆ ಹೆಚ್ಚಾಗಬಹುದು. ಬೇರೆ ಕಂಪನಿಗಳು ಆಲ್ಫಾ ಅಳತೆಗೇ ಮಾಡಿದ ಹೊಸ ಡ್ರೈವ್‌ಗಳೂ ಸಿಗುತ್ತವೆ. ಮಾಮೂಲಿ ಓಡಾಟಕ್ಕೆ ಅವು ಸಾಕು ಎನ್ನುವುದು ನನ್ನ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸಿಹಿನೀರಿನಲ್ಲಿ ಓಡಿದ್ದನ್ನೇ ಹುಡುಕಿ. ಮಿಷಿಗನ್, ಮಿನ್ನೆಸೋಟ ಕಡೆಯವರಿಗೆ ಈ ಒಂದು ಅದೃಷ್ಟ ಇದೆ. ಫ್ಲೋರಿಡಾದ ಉಪ್ಪುನೀರು ಕುಡಿದ ಡ್ರೈವ್ ಪೇಂಟ್ ಹೊಡೆಸಿಕೊಂಡು ಹೊಸತರ ಹಾಗೆ ಕಾಣುತ್ತದೆ, ಬೋಲ್ಟ್ ಬಿಚ್ಚುವಾಗ ನಿಜ ಗೊತ್ತಾಗುತ್ತದೆ. ಗಾಳಿ ತುಂಬಿ ಒತ್ತಡ ಪರೀಕ್ಷೆ, ಆಮೇಲೆ ಗಾಳಿ ಎಳೆದು ನಿರ್ವಾತ ಪರೀಕ್ಷೆ, ಎರಡೂ ನಿಮ್ಮ ಮುಂದೆಯೇ ಮಾಡಿಸಿ. ಮುಳ್ಳು ಕದಲದೆ ನಿಂತರೆ ಸೀಲುಗಳು ಸರಿ ಇವೆ.

ಒಳಗಿನ ಗೇರು ನಾನೇ ಬದಲಿಸುತ್ತೇನೆ ಅಂತ ಮಾತ್ರ ಹೊರಡಬೇಡಿ. ಹಲ್ಲುಗಳ ನಡುವಿನ ಸಂದನ್ನು ಅಳೆದು, ಶಿಮ್ ಎನ್ನುವ ತೆಳು ಲೋಹದ ಬಿಲ್ಲೆ ಇಟ್ಟು ಹೊಂದಿಸಬೇಕು, ಅದಕ್ಕೆ ಬೇರೆಯೇ ಉಪಕರಣ ಬೇಕು. ಆಯಿಲ್, ಬೆಲ್ಲೋಸ್, ಇಂಪೆಲ್ಲರ್, ಡ್ರೈವ್ ಬಿಚ್ಚಿ ಕೂರಿಸುವುದು ಮನೆಯ ಕೆಲಸ. ಗೇರ್ ಕೂರಿಸುವುದು ಅನುಭವಸ್ಥರದು.

ಟ್ರಾನ್ಸಮ್ ಕೊಳೆತಿದೆಯಾ ಅಂತ ಮೊದಲೇ ಹೇಗೆ ತಿಳಿಯುವುದು?

ಹಳೆಯ ಫೈಬರ್ ಬೋಟಿನ ಟ್ರಾನ್ಸಮ್ ಒಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ತೂತಿನ ಅಂಚಿನಿಂದ, ಸ್ಕ್ರೂ ಹಾಕಿದ ಜಾಗದಿಂದ ನೀರು ಇಳಿದು ಮರ ಮೆತ್ತಗಾಗುತ್ತದೆ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಟಕ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ಡ್ರೈವಿನ ಕೆಳತುದಿ ಹಿಡಿದು ಎತ್ತಿ ಇಳಿಸಿ, ಒಬ್ಬರು ಟ್ರಾನ್ಸಮ್ ನೋಡುತ್ತಿರಲಿ. ಗೋಡೆ ಜೊತೆಗೇ ಅಲುಗಾಡಿದರೆ ಅಲ್ಲಿಗೆ ನಿಲ್ಲಿಸಿ. ಮರ್ಕ್ರೂಸರಿಗೆ ಟ್ರಾನ್ಸಮ್ ದಪ್ಪ 2ರಿಂದ 2¼ ಇಂಚು ಇರಬೇಕು. ಕೊಳೆತ ಗೋಡೆಗೆ ಹೊಸ ಡ್ರೈವ್ ಕಟ್ಟುವುದು ವ್ಯರ್ಥ.

ಬಿಚ್ಚಿ ಕೂರಿಸುವುದು ಎಷ್ಟು ಕಷ್ಟ?

ಆಲ್ಫಾ ಬಿಚ್ಚುವುದು ಸುಲಭ. ಗೇರ್ ಆಯಿಲ್ ಇಳಿಸಿ, ಲಿವರ್ ಫಾರ್ವರ್ಡ್‌ಗೆ ಹಾಕಿ. ಡ್ರೈವನ್ನು ಎತ್ತಿ ಇಳಿಸುವ ಟ್ರಿಮ್ ರ್‍ಯಾಮ್‌ಗಳ ಹಿಂದಿನ ಪಿನ್ ತೆಗೆಯಿರಿ. ಸ್ಪೀಡೋಮೀಟರ್ ಕೊಳವೆ ಕಳಚಿ. ಆರು ನಟ್ ಬಿಚ್ಚಿ, ಡ್ರೈವನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಒಬ್ಬರೇ ಎತ್ತಲು ಹೋಗಬೇಡಿ. ನನ್ನ ಭಾವ ಧೈರ್ಯ ಮಾಡಿ ಎರಡು ವಾರ ಸೊಂಟ ಹಿಡಿದುಕೊಂಡು ಮಲಗಿದ್ದರು.

ಕೂರಿಸುವ ಮೊದಲು ಮಾಡಬೇಕಾದ್ದೇ ಮುಖ್ಯ. ಗಿಂಬಲ್ ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ. ಕರಕರ ಎಂದರೆ ಬದಲಿಸಿ. ಆಮೇಲೆ ಅಲೈನ್‌ಮೆಂಟ್ ಬಾರ್ ಬೇಕು. ಅದೊಂದು ಉದ್ದನೆಯ ಉಕ್ಕಿನ ದಂಡ, ಕೆಲವು ಅಂಗಡಿಗಳಲ್ಲಿ ಬಾಡಿಗೆಗೂ ಸಿಗುತ್ತದೆ. ಗಿಂಬಲ್ ಬೇರಿಂಗ್ ಮೂಲಕ ತೂರಿಸಿದರೆ ಅದು ಎಂಜಿನ್ ಕಪ್ಲರಿನೊಳಗೆ ಎರಡು ಬೆರಳಿನ ಬಲಕ್ಕೆ ಜಾರಬೇಕು. ಸುತ್ತಿಗೆ ಬೇಕೆನಿಸಿದರೆ ಎಂಜಿನ್ ಮುಂಭಾಗದ ಮೌಂಟ್ ಏರಿಸಿ ಇಳಿಸಿ ಸರಿ ಮಾಡಬೇಕು. ದಂಡದ ತುದಿಗೆ ಗ್ರೀಸು ಹಚ್ಚಿ ತೂರಿಸಿ ಹೊರಗೆ ತೆಗೆದರೆ, ಕಪ್ಲರಿನ ಹಲ್ಲುಗಳ ಗುರುತು ಸುತ್ತಲೂ ಒಂದೇ ಸಮ ಬಿದ್ದಿರಬೇಕು. ಒಂದೇ ಪಕ್ಕ ಬಿದ್ದಿದ್ದರೆ ಇನ್ನೂ ಸರಿಯಾಗಿಲ್ಲ. ಈ ಕೆಲಸಕ್ಕೆ ನನಗೆ ಮೂರು ಗಂಟೆ ಹಿಡಿಯಿತು. ಎರಡನೆಯ ಡ್ರೈವ್ ಹಾಕಿದ ಅಂಗಡಿಯವರು ಉಳಿಸಿಕೊಂಡದ್ದು ಇದೇ ಮೂರು ಗಂಟೆ.

ಶಾಫ್ಟಿನ ಹಲ್ಲುಗಳಿಗೆ ಸ್ಪ್ಲೈನ್ ಗ್ರೀಸು, ಹೊಸ ಓ-ರಿಂಗ್, ಹೊಸ ಗ್ಯಾಸ್ಕೆಟ್. ನೀರು ಹೋಗುವ ದಾರಿಯ ಸಣ್ಣ ಸೀಲ್ ಮರೆಯಬೇಡಿ. ಡ್ರೈವನ್ನೂ ಲಿವರನ್ನೂ ಫಾರ್ವರ್ಡ್‌ನಲ್ಲಿ ಇಟ್ಟು ಒಳಗೆ ತಳ್ಳಿ. ಹಲ್ಲಿಗೆ ಹಲ್ಲು ಕೂರದಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನು ಅಪ್ರದಕ್ಷಿಣೆಯಾಗಿ ಸ್ವಲ್ಪ ತಿರುಗಿಸಿ. ಆರು ನಟ್ಟನ್ನು ಎದುರು ಬದುರಾಗಿ 50 ಅಡಿ-ಪೌಂಡ್, ಅಂದರೆ 68 ನ್ಯೂಟನ್ ಮೀಟರ್‌ವರೆಗೆ ಬಿಗಿಯಿರಿ. ನಟ್ ಬಿಗಿದು ಡ್ರೈವನ್ನು ಎಳೆದುಕೊಳ್ಳುವ ಕೆಲಸ ಬೇಡ. ಕೈಯಲ್ಲಿ ತಳ್ಳಿದಾಗ ಪೂರ್ತಿ ಕೂತಿರಬೇಕು.

ಗೇರ್ ಆಯಿಲ್ ಮೇಲಿನಿಂದ ಸುರಿಯಬಹುದಾ?

ಬೇಡ. ಕೆಳಗಿನ ತೂತಿನಿಂದ ಪಂಪ್ ಮಾಡಿ ಮೇಲಕ್ಕೆ ತುಂಬಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ತೂತಿನಿಂದ ಗುಳ್ಳೆ ಇಲ್ಲದ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ. ಇನ್ನೂ ಸ್ವಲ್ಪ ಪಂಪ್ ಮಾಡಿದರೆ ಬೋಟಿನೊಳಗಿನ ಆಯಿಲ್ ಬಾಟಲಿಗೆ ಏರುತ್ತದೆ. ಆಮೇಲೆ ಕೆಳಗಿನದು. ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿ. ನಾಲ್ಕಾಣೆ ವಾಷರ್ ಉಳಿಸಲು ಹೋಗಿ ನೀರು ಒಳಗೆ ಬಿಟ್ಟುಕೊಂಡವರು ಇದ್ದಾರೆ. ಜೆನ್ 2ಗೆ ಬಾಟಲಿಯೂ ಸೇರಿ ಸುಮಾರು 1.9 ಲೀಟರ್ ಬೇಕು. ವರ್ಷಕ್ಕೊಮ್ಮೆ ಅಥವಾ 100 ಗಂಟೆಗೊಮ್ಮೆ, ಯಾವುದು ಮೊದಲೋ ಅದು.

ಬಾಟಲಿಯ ಮಟ್ಟ ಇಳಿದರೆ ಆಯಿಲ್ ಸೋರುತ್ತಿದೆ. ಸುಮ್ನೆ ತುಂಬಿಸಿ ಮರೆಯಬೇಡಿ. ಎಲ್ಲಿಗೆ ಹೋಯಿತು ಅಂತ ಹುಡುಕಿ.

ಇಂಪೆಲ್ಲರ್ ಎಷ್ಟು ವರ್ಷಕ್ಕೆ?

ಆಲ್ಫಾದಲ್ಲಿ ಎಂಜಿನ್ನಿಗೆ ತಣ್ಣೀರು ಎತ್ತುವ ಪಂಪ್ ಡ್ರೈವಿನೊಳಗೇ ಇದೆ. ಬ್ರಾವೋದಲ್ಲಿ ಎಂಜಿನ್ ಮೇಲಿದೆ. ಆ ಪಂಪಿನ ರಬ್ಬರ್ ರೆಕ್ಕೆಯೇ ಇಂಪೆಲ್ಲರ್, ಅದನ್ನು ನಾನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಮರಳು, ಕೆಸರಿನಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ಬದಲಿಸಲಿ. ನೀರಿಲ್ಲದೆ ಎಂಜಿನ್ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಸುಡುತ್ತದೆ. ಮನೆಯಂಗಳದಲ್ಲಿ ಸ್ಟಾರ್ಟ್ ಮಾಡುವಾಗ ಡ್ರೈವಿಗೆ ಮಫ್ (ನಲ್ಲಿಯ ನೀರನ್ನು ಡ್ರೈವಿನ ನೀರೆಳೆಯುವ ತೂತಿಗೆ ಕೊಡುವ ರಬ್ಬರ್ ಬಟ್ಟಲು) ಹಾಕಿ, ನಲ್ಲಿ ಬಿಟ್ಟ ಮೇಲೆಯೇ ಕೀಲಿ ತಿರುಗಿಸಿ. ಪ್ರೊಪೆಲ್ಲರ್ ಹತ್ತಿರ ಮಕ್ಕಳು ಬರದಂತೆ ನೋಡಿಕೊಳ್ಳಿ. ರೆಕ್ಕೆ ಮುರಿದಿದ್ದರೆ ತುಂಡುಗಳನ್ನು ಎಣಿಸಿ. ಕಾಣದ ತುಂಡು ಮುಂದೆ ಎಲ್ಲೋ ಕೊಳವೆಯಲ್ಲಿ ಸಿಕ್ಕಿಕೊಂಡು ಎಂಜಿನ್ ಕಾಯಿಸುತ್ತದೆ.

ಆನೋಡ್ ಯಾವುದು ಹಾಕಬೇಕು?

ಡ್ರೈವ್ ಅಲ್ಯೂಮಿನಿಯಂ. ನೀರಿನಲ್ಲಿ ಬೇರೆ ಲೋಹಗಳ ಜೊತೆ ಇದ್ದಾಗ ಅದು ಸವೆಯುತ್ತದೆ. ಅದರ ಬದಲಿಗೆ ತಾನು ಸವೆಯಲಿ ಅಂತ ಇಡುವ ಲೋಹದ ತುಂಡೇ ಆನೋಡ್. ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ. ಸತುವನ್ನು ಸಿಹಿನೀರಿನಲ್ಲಿ ಬಿಟ್ಟರೆ ಮೇಲೆ ಪೊರೆ ಕಟ್ಟಿ ಕೆಲಸವೇ ಮಾಡುವುದಿಲ್ಲ. ಮೆಗ್ನೀಸಿಯಂ ಹಾಕಿದ ಬೋಟನ್ನು ಸಮುದ್ರಕ್ಕೆ ಒಯ್ದರೆ ಸಕ್ಕರೆಯಂತೆ ಕರಗುತ್ತದೆ. ಅರ್ಧ ಸವೆದಾಗ ಬದಲಿಸಿ. ಅದರ ಮೇಲೆ ಪೇಂಟ್ ಹೊಡೆಯಬೇಡಿ. ತಾಮ್ರ ಬೆರೆಸಿದ ಪೇಂಟನ್ನಂತೂ ಡ್ರೈವಿನ ಹತ್ತಿರವೂ ತರಬೇಡಿ, ಅಲ್ಯೂಮಿನಿಯಂ ಹುಳುಕು ಹಲ್ಲಿನಂತಾಗುತ್ತದೆ.

ಗೇರ್ ಹಾಕುವಾಗ ಟಕ್ ಎನ್ನುತ್ತದೆ. ಮೆಲ್ಲಗೆ ಹಾಕಲಾ?

ಮೆಲ್ಲಗೆ ಹಾಕುವುದೇ ತಪ್ಪು. ಆಲ್ಫಾದಲ್ಲಿ ಹಲ್ಲಿಗೆ ಹಲ್ಲು ಕೂರುವ ಕ್ಲಚ್. ಮೆಲ್ಲಗೆ ತಳ್ಳಿದರೆ ಹಲ್ಲಿನ ಅಂಚುಗಳು ಉಜ್ಜಿ ದುಂಡಗಾಗುತ್ತವೆ. ಎಂಜಿನ್ ನಿಧಾನಗತಿಯಲ್ಲಿ ಇರುವಾಗ ಒಂದೇ ಸಲ, ಗಟ್ಟಿಯಾಗಿ ಹಾಕಿ. ಒಂದು ಟಕ್ ಬರಲೇಬೇಕು.

ಚಳಿಗಾಲದಲ್ಲಿ ಡ್ರೈವ್ ಮೇಲಿಡಬೇಕಾ, ಕೆಳಗಾ?

ಕೆಳಗೆ, ಪೂರ್ತಿ ಕೆಳಗೆ. ಒಳಗಿನ ನೀರೆಲ್ಲಾ ಇಳಿದು ಹೋಗುತ್ತದೆ, ಬೆಲ್ಲೋಸಿಗೂ ಎಳೆತ ಇರುವುದಿಲ್ಲ. ಮೇಲೆತ್ತಿ ಇಟ್ಟರೆ ನಿಂತ ನೀರು ಹೆಪ್ಪುಗಟ್ಟಿ ಲೋಹ ಸೀಳಬಹುದು. ಗೇರ್ ಆಯಿಲ್ ಬದಲಿಸುವುದೂ ಆಗಲೇ. ವಸಂತಕ್ಕೆ ಮುಂದೂಡಿದರೆ ಒಳಗೆ ನೀರು ಇದ್ದದ್ದು ಗೊತ್ತಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಎಂಜಿನ್ ಬಿಡಿಭಾಗ ಕಾರಿನ ಅಂಗಡಿಯಿಂದ ತರಬಹುದಾ? ಎಂಜಿನ್ ಕಾರಿನದೇ ಅಂದಿರಲ್ಲ.

ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್ ತರಬೇಡಿ. ಕಾರಿನಲ್ಲಿ ಪೆಟ್ರೋಲ್ ಆವಿ ಗಾಳಿಗೆ ಹಾರಿಹೋಗುತ್ತದೆ. ಬೋಟಿನಲ್ಲಿ ಅದು ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಬೋಟಿನ ಭಾಗಗಳಲ್ಲಿ ಕಿಡಿ ಹೊರಗೆ ಬರದಂತೆ ಮುಚ್ಚಿರುತ್ತಾರೆ. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ (ಆವಿ ಹೊರಹಾಕುವ ಫ್ಯಾನ್) ಹಾಕಿ, ನೀವೇ ಮೂಸಿ ನೋಡಿ.

ಹೊಸ ಡ್ರೈವ್ ಹಾಕಿ ಮೊದಲ ಸಲ ನೀರಿಗಿಳಿಸಿದಾಗ?

ಟ್ರೇಲರಿನಿಂದ ಪೂರ್ತಿ ಬಿಡಿಸುವ ಮೊದಲು ಎಂಜಿನ್ ಮುಚ್ಚಳ ತೆಗೆದು, ಟ್ರಾನ್ಸಮ್ ಒಳಗೆ ಟಾರ್ಚ್ ಹಾಕಿ ಐದು ನಿಮಿಷ ನೋಡಿ. ಹನಿ ಕಂಡರೆ ಬೋಟನ್ನು ಹಾಗೇ ಮೇಲೆಳೆಯಿರಿ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿಕೊಳ್ಳಲಿ.

ಆಮೇಲೆ ಪೂರ್ತಿ ಥ್ರಾಟಲಿನಲ್ಲಿ ಆರ್‌ಪಿಎಂ ಎಷ್ಟು ಬರುತ್ತದೆ ನೋಡಿ. ನನ್ನ 4.3 ಎಂಜಿನ್ನಿಗೆ 4400ರಿಂದ 4800 ಇರಬೇಕು. ಕಡಿಮೆ ಬಂದರೆ ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಕಡಿಮೆ ಇರುವುದನ್ನು ಹಾಕಿ, ಜಾಸ್ತಿ ಬಂದರೆ ಹೆಚ್ಚಿರುವುದನ್ನು. ಒಂದು ಇಂಚು ಪಿಚ್‌ಗೆ 150ರಿಂದ 200 ಆರ್‌ಪಿಎಂ ವ್ಯತ್ಯಾಸ ಆಗುತ್ತದೆ. ಸಾವಿರದಷ್ಟು ವ್ಯತ್ಯಾಸ ಬಂದರೆ ಪ್ರೊಪೆಲ್ಲರ್ ಬಿಡಿ, ಮಾರಿದವರು ಬೇರೆ ಅನುಪಾತದ ಡ್ರೈವ್ ಕೊಟ್ಟಿರಬೇಕು.

ಮೊದಲ ಇಪ್ಪತ್ತು ಗಂಟೆ ಆದ ಮೇಲೆ ಗೇರ್ ಆಯಿಲ್ ಇಳಿಸಿ ಮ್ಯಾಗ್ನೆಟ್ ನೋಡಿ. ಆಗಲೇ ಪ್ರೊಪೆಲ್ಲರನ್ನೂ ಬಿಚ್ಚಿ ಹಿಂದೆ ದಾರ ಸಿಕ್ಕಿದೆಯಾ ನೋಡಿ. ಕಳೆದ ಆಗಸ್ಟ್‌ನಲ್ಲಿ ನನ್ನ ಶಾಫ್ಟಿನಿಂದ ಎಂಟು ಅಡಿ ನೈಲಾನ್ ದಾರ ಬಂತು, ತುದಿಯಲ್ಲಿ ಗಾಳವೂ ಇತ್ತು. ಸೀಲಿಗೆ ಇನ್ನೂ ತಾಗಿರಲಿಲ್ಲ.